ತೋ ಕ್ವಾ ವಾನ್‌ನ ಕೆಂಪು ಇಟ್ಟಿಗೆಯ ಕೊಟ್ಟಿಗೆ

ಹಾಂಕಾಂಗ್‌ಗೆ ಬಂದವರು ಕೌಲೂನ್ ಕಡೆಯ ತೋ ಕ್ವಾ ವಾನ್‌ಗೆ ಹೋದರೆ, ಮಾ ತಾವ್ ಕೊಕ್ ರಸ್ತೆಯಲ್ಲಿ ಹೆಂಚಿನ ಮಾಡಿನ ಕೆಂಪು ಇಟ್ಟಿಗೆ ಕಟ್ಟಡಗಳು ಕಾಣುತ್ತವೆ. ಈಗ ಅದು ಕಲಾವಿದರ ಹಳ್ಳಿ. ಎಲ್ಲರೂ ಫೋಟೊ ತೆಗೆಯುವುದು ಇಟ್ಟಿಗೆಯದ್ದು. ನೋಡಬೇಕಾದ್ದು ಸಿಮೆಂಟಿನ ಗೋದಲಿ, ದನ ಕಟ್ಟುವ ಕಬ್ಬಿಣದ ಬಳೆ. ಹಂಗ್ ಹೋಮ್‌ನಲ್ಲಿದ್ದ ಹಳೆಯ ಕಸಾಯಿಖಾನೆಯ ಜಾಗ ರೈಲಿಗೆ ಹೋದದ್ದರಿಂದ 1908ರಲ್ಲಿ ಬ್ರಿಟಿಷ್ ಆಡಳಿತ ಇಲ್ಲಿ ದನಗಳ ಕ್ವಾರಂಟೈನ್ ಕೊಟ್ಟಿಗೆಯನ್ನೂ ಕಸಾಯಿಖಾನೆಯನ್ನೂ ಕಟ್ಟಿಸಿತು. 1999ರವರೆಗೆ ನಡೆಯಿತು.

ಎರಡೂ ಒಂದೇ ಕಾಂಪೌಂಡಿನಲ್ಲಿ ಇದ್ದದ್ದು ಬರೀ ಅನುಕೂಲಕ್ಕಲ್ಲ. ರೋಗ ಹೊತ್ತು ಬಂದ ದನ ಊರ ದನಗಳ ಹತ್ತಿರ ಸುಳಿಯದಿದ್ದರೆ ಅರ್ಧ ಕೆಲಸ ಮುಗಿದಂತೆ.

ಆ ಕಾಲದ ಬಂದರುಗಳಿಗೆಲ್ಲ ದೊಡ್ಡ ಹೆದರಿಕೆ ನಮ್ಮವರು ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಎಂಬ ದನಗಳ ವೈರಸ್ ರೋಗ. 2011ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತು. ಇದನ್ನು ಮೊದಲು ಹಿಡಿಯುತ್ತಿದ್ದದ್ದು ಥರ್ಮಾಮೀಟರಿನಿಂದ, ಕಣ್ಣಿನಿಂದಲ್ಲ. ಆರೋಗ್ಯವಂತ ದನದ ಗುದದ ಉಷ್ಣಾಂಶ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ದೊಡ್ಡರೋಗದಲ್ಲಿ ಅದು 40 ದಾಟುತ್ತಿತ್ತು, ಅದೂ ಬಾಯಿಹುಣ್ಣು ಕಾಣಿಸುವ ಎರಡರಿಂದ ಐದು ದಿನ ಮೊದಲೇ. ಆಮೇಲೆ ಕೆಳದುಟಿ ಮಡಚಿ ನೋಡಿದರೆ ಒಸಡಿನ ಮೇಲೆ ತೌಡು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಾಲುಬಾಯಿ ರೋಗದಲ್ಲಾದರೆ ನೀರ್ಗುಳ್ಳೆ ಏಳುತ್ತದೆ, ಗೊರಸಿನ ಸಂದೂ ಹುಣ್ಣಾಗಿ ದನ ಕುಂಟುತ್ತದೆ. ದೊಡ್ಡರೋಗದಲ್ಲಿ ಗೊರಸಿಗೆ ಏನೂ ಆಗುತ್ತಿರಲಿಲ್ಲ, ಬದಲಿಗೆ ನಾರುವ ಭೇದಿ. ಬಾಯಿ ಮಾತ್ರ ನೋಡಿ ಕಾಲು ಎತ್ತಿ ನೋಡದವನು ಎರಡನ್ನೂ ಕಲಸಿಬಿಡುತ್ತಿದ್ದ.

ಎಡವುತ್ತಿದ್ದದ್ದು ದಿನದ ಲೆಕ್ಕದಲ್ಲಿ. ಸೋಂಕು ತಗುಲಿ ಜ್ವರ ಏರಲು 3ರಿಂದ 15 ದಿನ ಬೇಕಿತ್ತು. ಹಡಗು ಇಳಿದ ದಿನ ತಪಾಸಣೆ ಮಾಡಿ "ಚೆನ್ನಾಗಿದೆ" ಎಂದು ಬರೆದುಕೊಟ್ಟ ಚೀಟಿಗೆ ಹೆಚ್ಚು ಬೆಲೆಯಿರಲಿಲ್ಲ. ಹಡಗಿನಲ್ಲಿ ಮೂತಿಗೆ ಮೂತಿ ತಾಗಿಸಿ, ಒಂದೇ ತೊಟ್ಟಿಯ ನೀರು ಕುಡಿದು ಬಂದ ದನಗಳಲ್ಲಿ ಒಂದಕ್ಕೆ ಜ್ವರವಿದ್ದರೆ ಗುಂಪಿಗೆ ಗುಂಪನ್ನೇ ಅನುಮಾನಿಸಬೇಕಿತ್ತು. ಹೊಸ ಗುಂಪನ್ನು ಹಳೆಯದರ ಜೊತೆ ಕಟ್ಟಿದರೆ ದಿನದ ಎಣಿಕೆ ಮತ್ತೆ ಒಂದರಿಂದ ಶುರು. ಜಾಗ ಸಾಲದೆ ಬಂದರಿನವರು ಮೊದಲು ಮುರಿಯುತ್ತಿದ್ದ ನಿಯಮವೂ ಇದೇ.

ಸಮಾಧಾನವೆಂದರೆ ದೊಡ್ಡರೋಗದ ವೈರಸ್ ದುರ್ಬಲವಾಗಿತ್ತು. ಅದು ಸಾಯಲು ಬಿಸಿಲು, ಒಣಗುವಿಕೆ ಸಾಕಿತ್ತು. ಸಗಣಿ ತೆಗೆದು, ತೊಳೆದು, ಸುಣ್ಣ ಹೊಡೆದು ಖಾಲಿ ಬಿಟ್ಟ ಕೊಟ್ಟಿಗೆ ಬೇಗ ಶುದ್ಧವಾಗುತ್ತಿತ್ತು. ನೆರಡಿ ರೋಗಕ್ಕೆ (ಆಂಥ್ರಾಕ್ಸ್) ಈ ಉಪಾಯ ನಡೆಯದು. ಅದರ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಹಾಗಾಗಿ ತಟಕ್ಕನೆ ಸತ್ತು, ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುವ ದನವನ್ನು ಕೊಯ್ಯಲೇಬಾರದು. ಕಿವಿಯ ರಕ್ತನಾಳದಿಂದ ಒಂದು ಹನಿ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು, ಹೆಣ ನೇರ ಬೆಂಕಿಗೆ.

ದೊಡ್ಡರೋಗಕ್ಕೆ ಆಗ ಮದ್ದು ಎಂದು ಇದ್ದದ್ದು ಸೀರಮ್, ಅಂದರೆ ಆ ರೋಗವನ್ನು ತಡೆದುಕೊಂಡ ದನದ ರಕ್ತದಿಂದ ತೆಗೆದ ದ್ರವ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಮ್ ಇನ್ಸ್ಟಿಟ್ಯೂಟ್ ಶುರುವಾದದ್ದೂ ಇದಕ್ಕೇ. ಬರೀ ಸೀರಮ್ ಕೊಟ್ಟರೆ ರಕ್ಷಣೆ ಕೆಲವೇ ವಾರ. ಬಹುಕಾಲ ನಿಲ್ಲಬೇಕೆಂದರೆ ಸೀರಮಿನ ಜೊತೆಗೇ ರೋಗಿ ದನದ ರಕ್ತವನ್ನೂ ಚುಚ್ಚುತ್ತಿದ್ದರು. ಆ ರಕ್ತದಲ್ಲಿ ಉಣ್ಣೆಜ್ವರದ (ಉಣ್ಣೆ ಹುಳು ಕಚ್ಚಿ ಬರುವ ಜ್ವರ) ಪರೋಪಜೀವಿಗಳಿದ್ದರೆ ಒಂದು ರೋಗ ತಪ್ಪಿಸಲು ಹೋಗಿ ಇನ್ನೊಂದನ್ನು ಹಚ್ಚಿದಂತಾಗುತ್ತಿತ್ತು.