ಸೂಜಿ, ನರ ಮತ್ತು ರಕ್ತದೊತ್ತಡ

ಎಲೆಕ್ಟ್ರೋಅಕ್ಯುಪಂಕ್ಚರ್, ಅಂದರೆ ಚುಚ್ಚಿದ ಸೂಜಿಗೆ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ, ಮಾಡಿಸಿಕೊಂಡರೆ ಬಿ.ಪಿ. ಇಳಿಯುತ್ತದೆಯೇ ಎಂದು ಬಂಧುಗಳೂ ಸ್ನೇಹಿತರೂ ಆಗಾಗ ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರು ನಿಜವಾಗಿ ತಿಳಿಯಬಯಸುವುದು ಮಾತ್ರೆ ಬಿಡಬಹುದೇ ಎಂಬುದನ್ನು. ಬಿಡಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ಈ ಚಿಕಿತ್ಸೆಯ ಬೆನ್ನಿಗಿರುವ ನರವಿಜ್ಞಾನವನ್ನು ತಳ್ಳಿಹಾಕುವಂತೆಯೂ ಇಲ್ಲ.

ಅಂಗೈ ಮೇಲೆ ಮಾಡಿ, ಮುಷ್ಟಿ ಬಿಗಿದು, ಮಣಿಕಟ್ಟನ್ನು ತುಸು ಬಾಗಿಸಿದರೆ ಬಹುತೇಕರ ಮುಂಗೈಯ ಒಳಬದಿಯಲ್ಲಿ ಎರಡು ಸ್ನಾಯುರಜ್ಜುಗಳು ಎದ್ದು ಕಾಣುತ್ತವೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲೆ, ಅವೆರಡರ ನಡುವಿನ ಜಾಗಕ್ಕೆ ಚೀನೀ ವೈದ್ಯಪದ್ಧತಿಯಲ್ಲಿ ನೈಗ್ವಾನ್ ಎಂದು ಹೆಸರು. ಅದರ ಅಡಿಯಲ್ಲಿ ಹಾದುಹೋಗುವುದು ಮೀಡಿಯನ್ ನರ. ಮಂಡಿಯ ಕೆಳಗೆ, ಮುಂಗಾಲಿನ ಮೂಳೆಯ ಹೊರಬದಿಯಲ್ಲಿರುವ ಝುಸಾನ್ಲಿ ಎಂಬ ಬಿಂದುವಿನ ಅಡಿಯಲ್ಲಿ ಡೀಪ್ ಪೆರೋನಿಯಲ್ ನರವಿದೆ. ಈ ಜಾಗಗಳಲ್ಲಿ ಸೂಜಿ ಚುಚ್ಚಿ, ಅದಕ್ಕೆ ತಂತಿ ಸಿಕ್ಕಿಸಿ, ಸೆಕೆಂಡಿಗೆ ಎರಡರಂತೆ ಸಣ್ಣ ವಿದ್ಯುತ್ ಮಿಡಿತಗಳನ್ನು ಸುಮಾರು ಅರ್ಧ ಗಂಟೆ ಹರಿಸಲಾಗುತ್ತದೆ.

ಅಮೆರಿಕದ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಲಾಂಗ್‌ಹರ್ಸ್ಟ್, ಪೆಂಗ್ ಲಿ, ಸ್ಟೆಫನಿ ಜೆನ್-ಎ-ಲೂಯಿ ಮತ್ತು ಅವರ ಸಂಗಡಿಗರು ಈ ಮಿಡಿತದ ಜಾಡನ್ನು ಪ್ರಾಣಿಗಳಲ್ಲಿ ಹಲವು ವರ್ಷ ಹಿಂಬಾಲಿಸಿದ್ದಾರೆ. ಸ್ನಾಯುವಿನ ಆಳದಿಂದ ಹೊರಡುವ ತೆಳುವಾದ ನರತಂತುಗಳು ಸಂದೇಶವನ್ನು ಬೆನ್ನುಹುರಿಗೆ ಒಯ್ಯುತ್ತವೆ. ಅಲ್ಲಿಂದ ಅದು ಮಿದುಳಿನ ತಳಭಾಗದ ಹೈಪೊಥಲಾಮಸ್ಸಿನಲ್ಲಿರುವ ಆರ್ಕ್ಯುಯೇಟ್ ಎಂಬ ಕೇಂದ್ರವನ್ನೂ ನಡುಮಿದುಳನ್ನೂ ಮುಟ್ಟಿ, ಕೊನೆಗೆ ಮಿದುಳಿನ ಕಾಂಡದ ಕೆಳಭಾಗದಲ್ಲಿರುವ ಒಂದು ಪುಟ್ಟ ನರಕೋಶ ಸಮೂಹದ ಮೇಲೆ ಪರಿಣಾಮ ಬೀರುತ್ತದೆ. ಹೃದಯವನ್ನು ಚುರುಕಾಗಿಸಿ ರಕ್ತನಾಳಗಳನ್ನು ಬಿಗಿಗೊಳಿಸುವ ಸಿಂಪಥೆಟಿಕ್ ನರಮಂಡಲಕ್ಕೆ ಮುಖ್ಯ ಆಜ್ಞೆ ಹೊರಡುವುದು ಈ ಸಮೂಹದಿಂದಲೇ. ಎನ್‌ಕೆಫಲಿನ್, ಎಂಡಾರ್ಫಿನ್‌ಗಳಂಥ ದೇಹದ ಸ್ವಂತ ಅಫೀಮು ಮಾದರಿಯ ವಸ್ತುಗಳೂ ಗಾಬಾ ಎಂಬ ರಾಸಾಯನಿಕವೂ ಅಲ್ಲಿ ಬಿಡುಗಡೆಯಾಗಿ ಆ ಕೋಶಗಳ ಅಬ್ಬರವನ್ನು ತಗ್ಗಿಸುತ್ತವೆ. ಅಫೀಮು ವರ್ಗದ ಔಷಧಗಳ ಪರಿಣಾಮವನ್ನು ತಡೆಯುವ ನಾಲೊಕ್ಸೋನನ್ನು ಕೊಟ್ಟಾಗ ಸೂಜಿಯ ಪ್ರಭಾವವೂ ಅಳಿಸಿಹೋಗುತ್ತದೆ ಎಂಬುದು, ನನ್ನ ಮಟ್ಟಿಗೆ, ಈ ವಾದದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ. ರಕ್ತದೊತ್ತಡಕ್ಕೆ ಹಿಂದಿನಿಂದ ಬಳಕೆಯಲ್ಲಿರುವ ಕ್ಲೋನಿಡಿನ್ ಮಾತ್ರೆಯೂ ಮಿದುಳಿನ ಕಾಂಡದಲ್ಲೇ ಕೆಲಸಮಾಡಿ ಸಿಂಪಥೆಟಿಕ್ ಆಜ್ಞೆಯನ್ನು ತಗ್ಗಿಸುತ್ತದೆಯಾದ್ದರಿಂದ, ಸೂಜಿಗೆ ಇದು ಸಾಧ್ಯವೆಂಬ ಮಾತು ಶರೀರಶಾಸ್ತ್ರಕ್ಕೆ ಹೊರತಾದುದೇನಲ್ಲ.

2015ರಲ್ಲಿ ಇದೇ ತಂಡವು ಔಷಧ ಸೇವಿಸದಿದ್ದ, ಸೌಮ್ಯದಿಂದ ಮಧ್ಯಮ ಮಟ್ಟದ ರಕ್ತದೊತ್ತಡವಿದ್ದ 65 ಮಂದಿಯ ಮೇಲಿನ ಪ್ರಯೋಗವನ್ನು ಪ್ರಕಟಿಸಿತು. ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ಎಂಟು ವಾರ ಎರಡೂ ಗುಂಪುಗಳಿಗೆ ಸೂಜಿ ಮತ್ತು ವಿದ್ಯುತ್ ಎರಡನ್ನೂ ಕೊಡಲಾಯಿತು. ಬದಲಾದದ್ದು ಜಾಗ ಮಾತ್ರ. ಒಂದು ಗುಂಪಿಗೆ ಮೇಲೆ ಹೇಳಿದ, ಆಳದ ನರಗಳಿರುವ ಬಿಂದುಗಳು. ಇನ್ನೊಂದಕ್ಕೆ ಅಷ್ಟಾಗಿ ಪರಿಣಾಮ ಬೀರದೆಂದು ಮೊದಲೇ ತಿಳಿದಿದ್ದ ಬೇರೆ ಬಿಂದುಗಳು. ಮೊದಲ ಗುಂಪಿನ ಸುಮಾರು 70% ಮಂದಿಯಲ್ಲಿ ಮೇಲಿನ ಅಂಕಿ ಸರಾಸರಿ 6ರಿಂದ 8 ಮಿ.ಮೀ., ಕೆಳಗಿನದು ಸುಮಾರು 4 ಮಿ.ಮೀ. ಇಳಿಯಿತು. ರಕ್ತದಲ್ಲಿ, ಸಿಂಪಥೆಟಿಕ್ ನರಗಳು ಬಿಡುಗಡೆ ಮಾಡುವ ನಾರ್‌ಎಪಿನೆಫ್ರಿನ್ ಮತ್ತು ರಕ್ತದೊತ್ತಡ ಏರಿಸುವುದರಲ್ಲಿ ಪಾತ್ರವಿರುವ ರೆನಿನ್ ಪ್ರಮಾಣವೂ ತಗ್ಗಿತು. ರೆನಿನ್ ಹುಟ್ಟುವುದು ಮೂತ್ರಪಿಂಡದಲ್ಲಿ, ಅದನ್ನು ಸ್ರವಿಸುವಂತೆ ಪ್ರಚೋದಿಸುವುದರಲ್ಲಿ ಸಿಂಪಥೆಟಿಕ್ ನರಗಳಿಗೂ ಪಾಲಿದೆ. ಹಾಗಾಗಿ ಈ ಇಳಿಕೆಯು ಪ್ರಾಣಿಗಳಲ್ಲಿ ಕಂಡ ನರಮಾರ್ಗದೊಂದಿಗೆ ಚೆನ್ನಾಗಿ ಹೊಂದುತ್ತದೆ. ಚೀನೀ ವೈದ್ಯರು ಹೇಳುವ ಶಕ್ತಿಯ ನಾಡಿಗಳನ್ನು ಒಪ್ಪದವರೂ ಬಿಂದುವಿನ ಅಡಿಯಲ್ಲಿರುವ ನರವನ್ನು ಒಪ್ಪಬಹುದು. ನಾನು ಆ ಪಂಗಡದವನು.

ಆದರೆ ಒಂದು ತಂಡದ ಪುಟ್ಟ ಪ್ರಯೋಗವನ್ನು ನಂಬಿ ಕುಣಿಯುವಂತಿಲ್ಲ. ವಿದ್ಯುತ್ತಿಲ್ಲದ ಸಾಮಾನ್ಯ ಅಕ್ಯುಪಂಕ್ಚರನ್ನು ಪರೀಕ್ಷಿಸಿದ 2006ರ ಅಮೆರಿಕದ ಪ್ರಯೋಗದಲ್ಲಿ, 192 ಮಂದಿಯಲ್ಲಿ, ನಿಜವಾದ ಚಿಕಿತ್ಸೆಗೂ ತೋರಿಕೆಯ ಚಿಕಿತ್ಸೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2007ರ ಜರ್ಮನ್ ಪ್ರಯೋಗದಲ್ಲಿ ದಿನವಿಡೀ ಅಳೆದ ರಕ್ತದೊತ್ತಡ ಇಳಿದದ್ದು ನಿಜವಾದರೂ, ಚಿಕಿತ್ಸೆ ನಿಂತು ಮೂರು ತಿಂಗಳಾಗುವಷ್ಟರಲ್ಲಿ ಮೊದಲಿನ ಮಟ್ಟಕ್ಕೆ ಮರಳಿತ್ತು. ದಿನವಿಡೀ ಅಳೆಯುವುದು ಇಲ್ಲಿ ಬಹಳ ಮುಖ್ಯ, ಏಕೆಂದರೆ ಬಿಳಿ ಕೋಟು ಕಂಡ ಕ್ಷಣ ಏರಿ, ಮಂಚದ ಮೇಲೆ ಅರ್ಧ ಗಂಟೆ ಮಲಗಿದರೆ ತಾನಾಗಿಯೇ ಇಳಿಯುವ ಬಿ.ಪಿ. ನಮ್ಮಲ್ಲಿ ಅನೇಕರದು.

ಕರ್ನಾಟಕದ ಪ್ರಕೃತಿ ಚಿಕಿತ್ಸಾ ಕೇಂದ್ರಗಳಲ್ಲೂ ಅಕ್ಯುಪಂಕ್ಚರ್ ದೊರೆಯುತ್ತದೆ. ಮಾಡಿಸಿಕೊಳ್ಳುವವರು ಒಮ್ಮೆ ಬಳಸಿ ಬಿಸಾಡುವ ಸೂಜಿಯೇ ಎಂದು ವಿಚಾರಿಸಬೇಕು. ಪೇಸ್‌ಮೇಕರ್ ಇರುವವರು ವಿದ್ಯುತ್ತಿನ ಚಿಕಿತ್ಸೆಯಿಂದ ದೂರವಿರಬೇಕು.

2015ರ ಪ್ರಯೋಗದ ಮೊದಲ ಗುಂಪಿನಲ್ಲಿ ಉಳಿದ 30% ಮಂದಿಗೆ ಇದು ಏಕೆ ನಾಟಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಇಲಿಗಳಲ್ಲಿ ಇದಕ್ಕೊಂದು ಸುಳಿವು ದೊರೆತಿದೆ: ಅಫೀಮು ಮಾದರಿಯ ವಸ್ತುಗಳಿಗೆ ಎದುರಾಗಿ ಕೆಲಸಮಾಡುವ ಕೋಲಿಸಿಸ್ಟೋಕೈನಿನ್ ಎಂಬ ರಾಸಾಯನಿಕವನ್ನು ಮಿದುಳಿನ ಕಾಂಡದ ಅದೇ ಜಾಗದಲ್ಲಿ ತಡೆಹಿಡಿದಾಗ, ಅದುವರೆಗೆ ಸೂಜಿಗೆ ಸ್ಪಂದಿಸದಿದ್ದ ಇಲಿಗಳೂ ಸ್ಪಂದಿಸತೊಡಗಿದವು.