ವಾಚರ್ ಕೆಲ್ಸಕ್ಕೆ ಸೇರಿದ ಹದಿನೈದನೇ ದಿನ ನಾನು ಮಾಡಿದ ಯಡವಟ್ಟು

ಹಾಸನದ ಹತ್ರ ಒಂದು ಜಿಂಕೆ ವನದಲ್ಲಿ ವಾಚರ್ ಆಗಿ ಸೇರಿ ಹದಿನೈದು ದಿನ ಆಗಿತ್ತಷ್ಟೆ. ಭಾನುವಾರ ಮಧ್ಯಾಹ್ನ ಒಬ್ರು ಮೇಡಂ ಓಡ್ಬಂದು "ಅಲ್ಲೊಂದು ಮರಿ ಬಿದ್ದಿದೆ, ತಾಯಿ ಬಿಟ್ಟೋಗಿದೆ ಪಾಪ" ಅಂದ್ರು. ಹೋಗಿ ನೋಡಿದ್ರೆ ಲಂಟಾನ ಬುಡದಲ್ಲಿ ಕತ್ತು ನೆಲಕ್ಕೆ ಅಂಟಿಸ್ಕೊಂಡು ಮಲಗಿತ್ತು, ಕಣ್ಣಂಚಲ್ಲಿ ನೊಣ ಕೂತ್ರೂ ಕಿವಿ ಅಲ್ಲಾಡಿಸ್ತಿಲ್ಲ. ಸರಿ, ಹೀರೋ ಥರ ಎದೆಗೆ ಅವುಚ್ಕೊಂಡು ಹೊರಟೆ, ಜನ ಫೋಟೋ ಬೇರೆ ತೆಗೆದ್ರು.

ದಾರೀಲೇ ನಮ್ಮ ಹಳೇ ವಾಚರಣ್ಣ ಅಡ್ಡ ಬಂದ್ರು. "ಏನ್ಲಾ ಮಾಡ್ದೆ, ಅದ್ರವ್ವ ಅಲ್ಲೇ ನಿಂತವ್ಳೆ ಕಣ್ಲಾ!" ತಿರುಗಿ ನೋಡ್ತೀನಿ, ಬಿದಿರು ಮೆಳೆ ಹತ್ರ ಒಂದು ಹೆಣ್ಣು ನಮ್ಮನ್ನೇ ದಿಟ್ಟಿಸ್ತಾ ಮುಂಗಾಲು ನೆಲಕ್ಕೆ ಬಡೀತಾ ಇದೆ.

ಚುಕ್ಕೆ ಜಿಂಕೆ ಏಳೂವರೆ ಎಂಟು ತಿಂಗಳು ಹೊತ್ತು ಹೆರೋದು ಸಾಮಾನ್ಯ ಒಂದೇ ಮರಿ. ಮೊದಮೊದಲು ಅದನ್ನ ಪೊದೇಲಿ ಮಲಗಿಸಿ ತಾಯಿ ಬೇಕಂತ್ಲೇ ದೂರ ಮೇಯುತ್ತೆ, ಯಾಕಂದ್ರೆ ಎಳೇ ಮರಿಗೆ ವಾಸ್ನೆ ಕಮ್ಮಿ, ತಾಯಿ ಪಕ್ಕದಲ್ಲೇ ನಿಂತ್ರೆ ನಾಯಿಗೋ ಚಿರತೆಗೋ ಜಾಗ ತೋರಿಸಿಕೊಟ್ಟ ಹಾಗೆ. ನಡುನಡುವೆ ಬಂದು ಹಾಲು ಕುಡಿಸಿ, ಮೈ ನೆಕ್ಕಿ, ಮತ್ತೆ ಹೋಗುತ್ತೆ. ಅಂದ್ರೆ ಬೇಲಿ ಹತ್ರ ನಾವು ಸೆಲ್ಫಿ ಅಂತ ಎಷ್ಟೊತ್ತು ನಿಂತಿರ್ತೀವೋ ಅಷ್ಟೊತ್ತು ಮರಿ ಹಸ್ಕೊಂಡಿರುತ್ತೆ, ಇದು ನನ್ ತಲೆಗೆ ಹೊಳ್ದಿರ್ಲೇ ಇಲ್ಲ.

ಮರಿನ ಅದೇ ಜಾಗದಲ್ಲಿ ಬಿಟ್ಟು, ಜನರನ್ನೆಲ್ಲ ಕಳಿಸಿ, ದೂರದಲ್ಲಿ ಮರದ ಹಿಂದೆ ಕೂತ್ವಿ. ಒಂದೂಮುಕ್ಕಾಲು ಗಂಟೆ! ನನ್ ವಾಸ್ನೆಗೆ ಎಲ್ಲಿ ಬಿಟ್ಟೋಗುತ್ತೋ ಅಂತ ಜೀವ ಬಾಯಿಗೆ ಬಂದಿತ್ತು. ಕೊನೆಗೆ ತಾಯಿ ಎರಡು ಹೆಜ್ಜೆ ಬರೋದು ನಿಲ್ಲೋದು ಮಾಡ್ತಾ ಬಂದು ಮೂಸಿದ್ದೇ ತಡ, ಸತ್ತಂಗಿದ್ದ ಮರಿ ಎದ್ದು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡೀತು.

ಚಿಪ್ಸು, ಬಿಸ್ಕತ್ತು ಎಸೀಬೇಡಿ ಅಂತ ಬೋರ್ಡೇ ಇದೆ, ಬಿಡಿ. ನಾಯಿ ಕರ್ಕೊಂಡು ಬರೋದು, ಶಿಳ್ಳೆ ಹೊಡ್ಯೋದು ಅದಕ್ಕಿಂತ ಕೆಟ್ಟದ್ದು, ಹಿಂಡು ಬೆದರಿ ಓಡಿದ್ರೆ ತಂತಿ ಬೇಲಿಗೆ ಬಡ್ಕೊಂಡು ಕತ್ತು ಮುರ್ಕೊಳ್ತವೆ. ತೋಟದಲ್ಲಿ ಕಾಡುಕುರಿ (ಬೊಗಳೋ ಜಿಂಕೆ) ಮರಿ ಸಿಕ್ರೂ ಮುಟ್ಬೇಡಿ, ಗಾಯ ಆಗಿದ್ರೆ ಅರಣ್ಯ ಇಲಾಖೆ 1926ಕ್ಕೆ ಫೋನ್ ಮಾಡಿ. ಸಾಕ್ತೀನಿ ಅಂತ ಮನೆಗೆ ಒಯ್ದ್ರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸ್ ಆಗುತ್ತೆ.

ಈಗ ನಾನು ಬೋರ್ಡ್ ತೋರಿಸೋಕೆ ಹೋಗಲ್ಲ. "ಒಳಗೆ ಬಾಣಂತಿ ಅವ್ಳೆ, ಸ್ವಲ್ಪ ಮೆತ್ತಗೆ" ಅಂತೀನಿ. ಹೋದ್ವಾರ ಒಂದು ಅಜ್ಜಿ ಅದನ್ನ ಕೇಳಿ ಮೊಮ್ಮಗನ ಪೀಪಿ ಕಿತ್ಕೊಂಡು ಸೊಂಟಕ್ಕೆ ಸಿಕ್ಕಿಸ್ಕೊಂಡ್ರು.