20 ಗ್ಯಾಲನ್ ಅಂದ್ರೆ ಎಷ್ಟು ಬಿಂದಿಗೆ?

ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಟಿದ್ದೆವು. ಚಿತ್ರದುರ್ಗದಿಂದ ಬಂದಿದ್ದ ಅಮ್ಮನೂ ಜೊತೆಗಿದ್ದಳು. ಕಾರಿನ ಹಿಂದೆ ನಮ್ಮ ಪುಟ್ಟ ಟ್ರೇಲರ್. ಅದರಲ್ಲಿ ಮಲಗೋಕೆ ಜಾಗ, ಒಂದು ಒಲೆ, ಒಂದು ಸಿಂಕ್, ಸೀಟಿನ ಕೆಳಗೆ 20 ಗ್ಯಾಲನ್ ನೀರಿನ ಟ್ಯಾಂಕ್.

"20 ಗ್ಯಾಲನ್ ಅಂದ್ರೆ ಎಷ್ಟು ಬಿಂದಿಗೆ ಆಗುತ್ತೋ?" ಅಂತ ಅಮ್ಮ ಕೇಳಿದಳು.

ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಒಟ್ಟು 76 ಲೀಟರ್. ನಮ್ಮನೆ ಬಿಂದಿಗೆಯಲ್ಲಿ ಐದಾರು. "ಮೂರು ಜನಕ್ಕೆ ಮೂರು ದಿನ ಬರುತ್ತೆ ಬಿಡು," ಅಂದಳು. ವಾರಕ್ಕೆರಡು ಸಲ ನಲ್ಲಿ ನೀರು ಬರುತ್ತಿದ್ದ ಮನೆಯಲ್ಲಿ ಸಂಸಾರ ಮಾಡಿದವಳು. ಅವಳ ಅಂದಾಜು ಒಂದು ಚೊಂಬೂ ತಪ್ಪಲಿಲ್ಲ.

ಮೊದಲ ವರ್ಷ ನನಗೆ ಟ್ಯಾಂಕ್ ತುಂಬಿಸೋದು ಹೇಗಂತಲೇ ಗೊತ್ತಿರಲಿಲ್ಲ. ಟ್ರೇಲರ್ ಪಕ್ಕದಲ್ಲಿ ನೀರಿಗೆ ಎರಡು ಬಾಯಿ ಇರುತ್ತವೆ. ಒಂದಕ್ಕೆ ಪೈಪ್ ತಿರುಗಿಸಿ ಕೂರಿಸಬೇಕು. ಅದರಲ್ಲಿ ಬಂದ ನೀರು ಸೀದಾ ಸಿಂಕಿನ ನಲ್ಲಿಗೆ ಹೋಗುತ್ತದೆ, ಟ್ಯಾಂಕಿಗೆ ಒಂದು ಹನಿಯೂ ಇಳಿಯುವುದಿಲ್ಲ. ಟ್ಯಾಂಕ್ ತುಂಬಿಸೋಕೆ ಮುಚ್ಚಳ ಇರುವ ಇನ್ನೊಂದು ಬಾಯಿ. ನಾನು ಮೊದಲನೆಯದಕ್ಕೆ ಪೈಪ್ ಹಾಕಿ ಅರ್ಧ ಗಂಟೆ ಕಾದು, ತುಂಬಿತು ಅಂದುಕೊಂಡು ಗ್ರ್ಯಾಂಡ್ ಕ್ಯಾನಿಯನ್ ಪಕ್ಕದ ಕೈಬಾಬ್ ಕಾಡಿಗೆ ಹೋಗಿದ್ದೆ. ಆ ಕಾಡಲ್ಲಿ ಬಿಟ್ಟಿಯಾಗಿ ತಂಗಬಹುದು, ಆದರೆ ನಲ್ಲಿ ಇಲ್ಲ. ರಾತ್ರಿ ಪಂಪ್ ಸ್ವಿಚ್ ಹಾಕಿದರೆ ಬರೀ ಸದ್ದು. ಮಗಳು ಲೋಟ ಹಿಡಿದು ನಿಂತಿದ್ದಳು. ಆ ಮುಖ ಇನ್ನೂ ಕಣ್ಣಮುಂದಿದೆ.

ಈ ಸಲ ಕಣಿವೆಯ ದಕ್ಷಿಣ ಅಂಚಾದ ಸೌತ್ ರಿಮ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಜಾಗ ಸಿಕ್ಕಿತ್ತು. ಅಲ್ಲೂ ಟ್ರೇಲರ್‌ಗೆ ನೀರಿನ ಕನೆಕ್ಷನ್ ಕೊಡೋದಿಲ್ಲ, ನಾವೇ ತುಂಬಿಸಿಕೊಳ್ಳಬೇಕು. ಇಂಥ ಕಡೆ ಕೊಳಚೆ ಖಾಲಿ ಮಾಡುವ ಜಾಗದಲ್ಲೂ ಒಂದು ಪೈಪ್ ಬಿದ್ದಿರುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ಗಲೀಜು ತೊಳೆಯೋಕೆ. ಕುಡಿಯುವ ನೀರು ಅಂತ ಬೋರ್ಡ್ ಇರುವ ನಲ್ಲಿಯನ್ನೇ ಹುಡುಕಿ. ಪೈಪ್ ನಿಮ್ಮದೇ ಇರಲಿ, ಕುಡಿಯುವ ನೀರಿಗೆಂದೇ ಸಿಗುವ ಬಿಳಿ ಪೈಪ್. ತೋಟದ ಹಸಿರು ಪೈಪಿನ ನೀರಿಗೆ ರಬ್ಬರ್ ವಾಸನೆ.

ಮೊದಲು ನಲ್ಲಿ ಬಿಟ್ಟು ಒಂದು ನಿಮಿಷ ಸುಮ್ನೆ ಹರಿಸಿದೆ. ಅಮ್ಮ ಆ ನೀರನ್ನೂ ಬಕೆಟ್ಟಿಗೆ ಹಿಡಿದಳು. ಪೈಪನ್ನು ಟ್ಯಾಂಕಿನ ಬಾಯೊಳಗೆ ಬಿಗಿಯಾಗಿ ತುರುಕಬಾರದು, ಗಾಳಿ ಹೊರಗೆ ಬರೋಕೆ ಸಂದು ಬೇಕು. ಇಲ್ಲದಿದ್ದರೆ ಗಳಗಳ ಅಂತ ನೀರು ಮುಖಕ್ಕೇ ಚಿಮ್ಮುತ್ತದೆ. ನಲ್ಲಿ ಅರ್ಧ ತಿರುಗಿಸಿದರೆ ಸಾಕು. ಟ್ರೇಲರ್ ಗೋಡೆಯ ಮೇಲೆ ಟ್ಯಾಂಕ್ ಕಾಲು, ಅರ್ಧ, ಪೂರ್ತಿ ಅಂತ ತೋರಿಸುವ ದೀಪಗಳಿವೆ. ನಾನು ಅವನ್ನು ಜಾಸ್ತಿ ನಂಬೋದಿಲ್ಲ. ಅಮ್ಮ ಸೀಟಿನ ಹಲಗೆ ಎತ್ತಿ ಟ್ಯಾಂಕಿನ ಪಕ್ಕ ಕೂತಳು. ಖಾಲಿ ಟ್ಯಾಂಕಿಗೆ ಬೀಳುವಾಗ ಧೋ ಅನ್ನುವ ಸದ್ದು. ಬರಬರುತ್ತಾ ಅದು ಸಣ್ಣದಾಯಿತು. "ಕಂಠದ ತನಕ ಬಂತು, ನಿಲ್ಲಿಸು," ಅಂತ ಒಳಗಿಂದಲೇ ಕೂಗಿದಳು. ಅಷ್ಟರಲ್ಲಿ ಪಕ್ಕದ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿತು.

ತುಂಬಿದ ಟ್ಯಾಂಕ್ ಅಂದರೆ 76 ಕಿಲೋ ಭಾರ. ಅದಕ್ಕೇ ಮನೆಯಿಂದ ತುಂಬಿಸಿಕೊಂಡು ಬರಲಿಲ್ಲ. ಬರುವ ಮುಂಚೆ ಟ್ಯಾಂಕನ್ನು ಬ್ಲೀಚ್ ಹಾಕಿ ತೊಳೆದಿದ್ದೆ, ಅಷ್ಟೇ. 20 ಗ್ಯಾಲನ್ ನೀರಿಗೆ 80 ಎಂ.ಎಲ್. ಸುಗಂಧ ಸೇರಿಸದ ಬ್ಲೀಚ್, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವ ತನಕ ಒಳ್ಳೆ ನೀರು ಹರಿಸಬೇಕು.

ಮಾರನೆ ದಿನ ಕಣಿವೆಯ ಅಂಚಲ್ಲಿ ನಿಂತಾಗ ಅಮ್ಮನಿಗೆ ಆಚೆ ದಂಡೆ ತೋರಿಸಿದೆ. ಸೌತ್ ರಿಮ್‌ಗೆ ನೀರು ಬರುವುದು ಅಲ್ಲಿಂದ. ಆ ಕಡೆಯ ಬಂಡೆಯೊಳಗಿಂದ ರೋರಿಂಗ್ ಸ್ಪ್ರಿಂಗ್ಸ್ ಅನ್ನುವ ಒರತೆ ಹೊರಡುತ್ತದೆ. ಕಣಿವೆಯೊಳಗೆ 1960ರ ದಶಕದಲ್ಲಿ ಹಾಕಿದ ಪೈಪು ಅದನ್ನು ತಳಕ್ಕೆ ಇಳಿಸಿ, ಕೊಲೊರಾಡೊ ನದಿಯ ಸೇತುವೆ ದಾಟಿಸಿ ಈ ಕಡೆ ತರುತ್ತದೆ. ಅಲ್ಲಿಂದ ಪಂಪ್ ಮಾಡಿ ಮೇಲಕ್ಕೆ ಏರಿಸುತ್ತಾರೆ. ಪೈಪಿನ ಉದ್ದ ಸುಮಾರು 20 ಕಿಲೋಮೀಟರ್. ಹಳೆಯದು, ಆಗಾಗ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಹಾಗೇ ಒಡೆದು, ಸೌತ್ ರಿಮ್‌ನ ಹೋಟೆಲುಗಳಲ್ಲಿ ಕೆಲವು ದಿನ ಯಾರೂ ತಂಗುವಂತಿರಲಿಲ್ಲ.

ಅಮ್ಮ ತುಂಬಾ ಹೊತ್ತು ಆ ಆಳವನ್ನೇ ನೋಡಿದಳು. ಸಂಜೆ ಅಕ್ಕಿ ತೊಳೆದ ನೀರನ್ನು ಚೆಲ್ಲಲಿಲ್ಲ. ಅದರಲ್ಲೇ ಪಾತ್ರೆಗಳನ್ನು ಒಂದು ಸುತ್ತು ತೊಳೆದಳು. ನಾನು ಹೊರಗೆ ಪೈಪ್ ಸುತ್ತುತ್ತಿದ್ದೆ. ಧೂಳು, ಇರುವೆ ಒಳಗೆ ಹೋಗದಿರಲಿ ಅಂತ ಅದರ ಎರಡೂ ತುದಿ ಸೇರಿಸಿ ತಿರುಗಿಸಿಟ್ಟೆ.